ಒಡೆದು ಹಂಚಿದ ಸಾಖರಪುಡಾ

ನಮ್ಮ ಓಣಿಯ ನರಸಿಂಗನನ್ನು ದಾಲ್ ಮಿಲ್ಲಿನ ಮಾಲೀಕರು ಹುಮನಾಬಾದಿಗೆ ತರಬೇತಿಗೆ ಕಳಿಸಬಾರದಿತ್ತು. ಕಳಿಸಿದರು. ಅದರ ಫಲವನ್ನು ಅವರು ಉಣ್ಣಲಿಲ್ಲ, ಬಸವಕಲ್ಯಾಣದ ನಾವು ಉಂಡೆವು.

ನರಸಿಂಗ ಆ ಮಿಲ್ಲಿನಲ್ಲಿ ಸೂಪರ್‌ವೈಸರ್. ಕೆಲಸದಲ್ಲಿ ಚುರುಕು, ಮನಸ್ಸಿನಲ್ಲಿ ಕಪಟವಿಲ್ಲ. ಒಂದೇ ದೋಷವೆಂದರೆ ಕೋಟು ಹಾಕಿಕೊಂಡವರು ಏನು ಹೇಳಿದರೂ ನಂಬಿಬಿಡುತ್ತಾನೆ. ಹುಮನಾಬಾದಿನ ಒಂದು ಲಾಡ್ಜಿನ ಮಹಡಿಯಲ್ಲಿ ಕೋಟು ಹಾಕಿಕೊಂಡ ತರುಣನೊಬ್ಬ ಇಡೀ ದಿನ ನಿಂತು ಹೇಳಿದ್ದರ ಸಾರ ಇಷ್ಟು: ಲೋಕದಲ್ಲಿ ದೊಡ್ಡ ಕೆಲಸ ಎಂಬುದೇ ಇಲ್ಲ. ದೊಡ್ಡದು ಕಂಡರೆ ಒಡೆಯಿರಿ. ಒಡೆದ ತುಂಡೂ ದೊಡ್ಡದೆನಿಸಿದರೆ ಮತ್ತೆ ಒಡೆಯಿರಿ. ಒಂದೊಂದು ತುಂಡನ್ನು ಒಬ್ಬೊಬ್ಬರಿಗೆ ಕೊಡಿ. ಅವರಿಗೆ ಅವರ ತುಂಡು ಗೊತ್ತಿದ್ದರೆ ಸಾಕು, ಉಳಿದದ್ದು ಗೊತ್ತಿರಬೇಕಾಗಿಲ್ಲ.

ನರಸಿಂಗ ಬಸ್ಸಿಳಿದವನು ಮನೆಗೆ ಹೋಗದೆ ನೇರವಾಗಿ ನನ್ನ ಹಿಟ್ಟಿನ ಗಿರಣಿಗೆ ಬಂದ. ಓಣಿಯ ಬಾಯಿಗೇ ನನ್ನ ಗಿರಣಿ ಇರುವುದರಿಂದ ಊರಿನ ಜ್ಞಾನವೆಲ್ಲ ಮೊದಲು ನನ್ನಲ್ಲಿಗೇ ಬರುತ್ತದೆ.

"ಕಾಕಾ, ನೀವು ಜ್ವಾಳ ಬೀಸೋದು ಒಂದು ಕೆಲಸ ಅಂತ ತಿಳ್ಕೊಂಡೀರಿ. ಅದು ಒಂದಲ್ರಿ, ಆರು ಕೆಲಸ!"

"ಕೂಲಿ ಒಂದಕ್ಕೇ ಕೊಡ್ತೀರಲ್ಲೋ ಮಾರಾಯಾ," ಎಂದೆ.

ಅವನಿಗೆ ಅದು ಕೇಳಿಸಲಿಲ್ಲ. ಜ್ಞಾನ ಹೊಸದಾಗಿ ಬಂದವರಿಗೆ ಕಿವಿ ಸ್ವಲ್ಪ ಮಂದವಾಗುತ್ತದೆ.

ಮರುದಿನ ಅವನು ತನ್ನ ಮನೆಯ ಚಹಾವನ್ನು ಒಡೆದ. ಹೆಂಡತಿ ಅಂಬುಬಾಯಿ ನೀರು ಕಾಯಿಸಬೇಕು, ಅಷ್ಟೇ. ಮಗಳು ಪೂನಂ ಪುಡಿ ಹಾಕಬೇಕು, ಅಷ್ಟೇ. ಸೋಸುವ ತುಂಡು ತನ್ನದು. ಹಾಲಿನ ತುಂಡು ಯಾರಿಗೆ ಹೋಗಿದೆ ಎಂದು ಮೂವರೂ ವಿಚಾರ ಮಾಡುವಷ್ಟರಲ್ಲಿ ನೀರು ಇಂಗಿ ಪಾತ್ರೆಯ ತಳ ಕಪ್ಪಾಗಿತ್ತು. ಅಂಬುಬಾಯಿ ಮಿತಭಾಷಿ. ಪಾತ್ರೆ ತಿಕ್ಕುತ್ತಲೇ ಒಂದು ಮಾತು ಹೇಳಿದಳು.

"ತೊಗರಿ ಒಡೆದ್ರ ಬ್ಯಾಳಿ ಆಗ್ತದ, ಖರೆ. ಆದ್ರ ಒಡೆದ ಬ್ಯಾಳಿ ಬಿತ್ತಿದ್ರ ಮೊಳಕಿ ಬರಂಗಿಲ್ಲ. ಇಷ್ಟು ವರ್ಷ ದಾಲ್ ಮಿಲ್ಲಿನ್ಯಾಗ ಅದೀರಿ, ಇದು ಮಾಲೂಮ ಇಲ್ಲೇನ್ರಿ?"

ಇಷ್ಟಕ್ಕೇ ನಿಂತಿದ್ದರೆ ಓಣಿಗೆ ನಷ್ಟವಿರಲಿಲ್ಲ. ಆದರೆ ಅದೇ ವಾರ ಪೂನಂಳ ಸಂಬಂಧ ಕೂಡಿಬಂತು.

ಹುಡುಗ ಸ್ವಪ್ನಿಲ. ಹುಮನಾಬಾದಿನಲ್ಲಿ ಮೊಬೈಲ್ ರಿಪೇರಿ ಅಂಗಡಿ, ಊರು ಅಲ್ಲೇ ಹತ್ತಿರದ ದುಬಲಗುಂಡಿ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ಒಪ್ಪಿಯಾಗಿತ್ತು. ಭಾನುವಾರ ಹುಡುಗನ ಕಡೆಯವರು ಬಂದು ಸಾಖರಪುಡಾ ಮಾಡಿಕೊಂಡು ಹೋಗುವುದೆಂದು ಮಾತಾಗಿತ್ತು. ನಮ್ಮ ಕಡೆ ಹುಡುಗಿಯ ಉಡಿಗೆ ಸಕ್ಕರೆಯ ಪುಡಾ, ಅಂದರೆ ಪೊಟ್ಟಣ, ಹಾಕಿ, ಎರಡೂ ಕಡೆಯವರು ಬಾಯಿ ಸಿಹಿ ಮಾಡಿಕೊಂಡರೆ ಸಂಬಂಧ ಗಟ್ಟಿಯಾದಂತೆ. ಅಲ್ಲಿಯವರೆಗೆ ಅದು ಗಾಳಿಯಲ್ಲಿಟ್ಟ ದೀಪ.

ಪೂನಂಳ ದೀಪ ಈಗಾಗಲೇ ಎರಡು ಸಲ ಆರಿತ್ತು. ಮೊದಲನೆಯದನ್ನು ಆರಿಸಿದವಳು ಹುಮನಾಬಾದಿನಲ್ಲಿರುವ ನರಸಿಂಗನ ಅಕ್ಕ ಸೋನುಬಾಯಿ. ಹುಡುಗನ ಚಿಕ್ಕಮ್ಮ ಸಂತೆಯಲ್ಲಿ ಸಿಕ್ಕಾಗ, "ನಮ್ಮ ಪೂನಂಗ ರೊಟ್ಟಿ ಬಡಿಯಾಕ ಬರಂಗಿಲ್ರಿ, ಸಿಟ್ಟು ಜರಾ ಜಾಸ್ತಿ, ಆದ್ರ ಮನಸ್ಸು ಭಾಳ ಛಲೋ" ಎಂದು ಶಿಫಾರಸು ಮಾಡಿದ್ದಳು. ಎರಡನೆಯದನ್ನು ಆರಿಸಿದವರು ನಾವು. ಹುಡುಗನ ಮಾವ ನನ್ನ ಗಿರಣಿಗೆ ವಿಚಾರಿಸಲು ಬಂದಾಗ, ಹಿಟ್ಟಿಗೆ ನಿಂತವರೆಲ್ಲ ಪೂನಂಳನ್ನು ಎಷ್ಟು ಹೊಗಳಿದೆವೆಂದರೆ ಆ ಮನುಷ್ಯನಿಗೆ ಸಂಶಯ ಬಂದು ಎದ್ದು ಹೋದ.

ಹೀಗಾಗಿ ಪೂನಂ ಈ ಸಲ ನಾಚಿಕೆ ಬಿಟ್ಟು ಅಪ್ಪನ ಮುಂದೆ ನಿಂತಳು. "ಅಪ್ಪಾ, ಇದೊಂದು ಮುರೀಬಾರದು. ನನಗ ಇವರು ಮನಸ್ಸಿಗೆ ಬಂದಾರ."

"ಫಿಕರ್ ಮಾಡಬ್ಯಾಡವ್ವಾ. ಭಾನುವಾರ ಬರೋತನಕ ಯಾರಿಗೂ ಏನೂ ಗೊತ್ತಾಗಂಗಿಲ್ಲ."

"ಅಡಗಿ, ಬೈಠಕ್ಕಿಗೆ ಜಾಗಾ, ನೀರು? ಇದೆಲ್ಲಾ ಯಾರಿಗೂ ಹೇಳದ ಹ್ಯಾಂಗ ಮಾಡ್ತೀರಿ?" ಎಂದಳು ಅಂಬುಬಾಯಿ. "ಬಾಜು ಮನಿ ಅಕ್ಬರಿಗಾದ್ರೂ ಹೇಳೂಣು."

ನರಸಿಂಗ ಮುಗುಳ್ನಕ್ಕ. ಕೋಟಿನ ತರುಣ ನಕ್ಕ ಹಾಗೆಯೇ ನಕ್ಕನೆಂದು ಅಂಬುಬಾಯಿ ಆಮೇಲೆ ನನಗೆ ಹೇಳಿದಳು. "ಎಲ್ಲಾರಿಗೂ ಹೇಳ್ತೀನಿ. ಆದ್ರ ತುಂಡು ಮಾಡಿ ಹೇಳ್ತೀನಿ."

ಆ ಸಂಜೆ ಅವನು ಬಾಜು ಮನೆಯ ಜಲಾಲುದ್ದೀನನ ಅಂಗಳಕ್ಕೆ ಹೋದ. ಜಲಾಲುದ್ದೀನನದು ಬಾಡಿಗೆ ಟೆಂಪೋ. ಇಬ್ಬರ ಅಜ್ಜಂದಿರೂ ಒಂದೇ ಗೋಡೆಗೆ ಒರಗಿ ಬೀಡಿ ಸೇದಿದವರು. "ಜಲಾಲಭಾಯಿ, ಭಾನುವಾರ ನಸುಕಿನ್ಯಾಗ ನಮ್ಮ ಮನ್ಯಾಗಿನ ಕಾಟು, ಅಲ್ಮಾರಿ ಎಲ್ಲಾ ತುಂಬ್ಕೊಂಡು ಹೋಗಿ ನಿಮ್ಮ ಭಾವನ ಗೋದಾಮಿನ್ಯಾಗ ಇಟ್ಟು ಬರ್ರಿ. ಯಾಕ ಅಂತ ಕೇಳಬ್ಯಾಡ್ರಿ." ಒಳಗೆ ನಿಂತಿದ್ದ ಜಲಾಲುದ್ದೀನನ ಹೆಂಡತಿ ಅಕ್ಬರಿಗೆ ಬೇರೆ ಹೇಳಿದ: "ಭಾಬಿ, ಶನಿವಾರ ಒಂದು ಚೀಲ ಉಳ್ಳಾಗಡ್ಡಿ ಕಳಿಸ್ತೀನಿ. ಹೆಚ್ಚಿ ಕೊಡ್ರಿ. ಯಾಕ ಅಂತ ಕೇಳಬ್ಯಾಡ್ರಿ."

ನನ್ನ ಪಾಲಿಗೆ ಬಂದದ್ದು ಓಣಿಯ ದಾರಿ. ಭಾನುವಾರ ಮುಂಜಾನೆ ದಾರಿಗೆ ನೀರು ಹೊಡೆಸಿ, ಅಡ್ಡ ನಿಂತ ಗಾಡಿಗಳನ್ನೂ ಎಮ್ಮೆಗಳನ್ನೂ ಸರಿಸಬೇಕು. ಯಾಕೆ ಎಂದು ಕೇಳಬಾರದು.

ಅಕ್ಕನಿಗೆ ಫೋನಿನಲ್ಲಿ ಹೇಳಿ ಕಳಿಸಿದ ಮಾತು ಇದು: "ಅಕ್ಕಾ, ಭಾನುವಾರ ಮುಂಜಾನೆ ಒಂದು ಹೊಸ ಧೋತರ, ಒಂದು ಬಿಳಿ ಶಲ್ಯ ತಗೊಂಡು ಬಾ. ಯಾರಿಗೂ ಹೇಳಬ್ಯಾಡ. ಯಾಕ ಅಂತ ಕೇಳಬ್ಯಾಡ. ಬಂದ ಮ್ಯಾಲೆ ನಿನಗ ತಿಳೀತದ." ಧೋತರ, ಶಲ್ಯ ಬೀಗರಿಗೆ ಆಹೇರಿಯ ಉಡುಗೊರೆ ಕೊಡಲಿಕ್ಕೆ. ಅಷ್ಟು ಹೇಳಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ. ಹೇಳಲಿಲ್ಲ, ಯಾಕೆಂದರೆ ಅದು ಸೋನುಬಾಯಿಯ ತುಂಡಿನಲ್ಲಿ ಇರಲಿಲ್ಲ.

ಈಗ ನೋಡಿ, ಮನುಷ್ಯನಿಗೆ ಬಾಲ ತೋರಿಸಿದರೆ ಅವನು ಸುಮ್ಮನೆ ಬಾಲ ನೋಡಿಕೊಂಡು ಕೂರುವುದಿಲ್ಲ. ಅದಕ್ಕೆ ತಾನೇ ಒಂದು ಪ್ರಾಣಿಯನ್ನು ಕಟ್ಟುತ್ತಾನೆ. ಗಿರಣಿಯಲ್ಲಿ ಪ್ರಾಣಿಗಳು ತಯಾರಾಗತೊಡಗಿದವು.

"ನರಸಿಂಗ ಮನಿ ಮಾರ್ಯಾನ," ಎಂದು ಜಲಾಲುದ್ದೀನ ಹಿಟ್ಟಿನ ಡಬ್ಬಿಯ ಮೇಲೆ ಕುಸಿದು ಕೂತ. "ಸಾಮಾನು ಖಾಲಿ ಮಾಡು ಅಂತಾನ. ಬಾಪ-ದಾದಾನ ಕಾಲದ ಬಾಜು ಮನಿ. ನನಗೊಂದು ಮಾತು ಹೇಳಲಿಲ್ಲ, ಕಾಕಾ."

"ಮನಿ ಮಾರಾಂವ ಒಂದು ಚೀಲ ಉಳ್ಳಾಗಡ್ಡಿ ಯಾಕ ಹೆಚ್ಚಸ್ತಾನ?" ಎಂದು ಅಕ್ಬರಿ ಗಂಡನಿಗೆ ಜಬರಿಸಿದಳು. "ಹೋಟೆಲ್ ತೆಗಿಯಾಕತ್ತಾರ. ಮನಿ ಖಾಲಿ ಮಾಡೋದು ಟೇಬಲ್ ಹಾಕಾಕ. ಇಷ್ಟೂ ತಿಳಿಯಂಗಿಲ್ಲೇನ್ರಿ?"

ನಾನು ಇಬ್ಬರನ್ನೂ ನೋಡಿ ಕನಿಕರಪಟ್ಟೆ. ದಾರಿಗೆ ನೀರು ಹೊಡೆಯುವುದು ಯಾರಿಗಾಗಿ? ಮಂತ್ರಿ ಬರುತ್ತಾನೆ. ನರಸಿಂಗ ವಾರ್ಡಿನ ಚುನಾವಣೆಗೆ ನಿಲ್ಲುತ್ತಾನೆ. ಇದು ಸೂರ್ಯನಷ್ಟು ಸ್ಪಷ್ಟವಿತ್ತು, ಮತ್ತು ಬಂದವರಿಗೆಲ್ಲ ನಾನು ಅದನ್ನು ಗುಟ್ಟಾಗಿ ಹೇಳಿದೆ.

ಮೂರು ಸುದ್ದಿಗಳಲ್ಲಿ ಹೋಟೆಲಿನ ಸುದ್ದಿಗೆ ಕಾಲು ಉದ್ದವಿತ್ತು. ಶನಿವಾರ ಮಧ್ಯಾಹ್ನ ನಗರಸಭೆಯ ಆರೋಗ್ಯ ಇನ್ಸ್‌ಪೆಕ್ಟರ್ ಸಾಹೇಬರು ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತ ನರಸಿಂಗನ ಬಾಗಿಲಿಗೆ ಬಂದರು. ಅಕ್ಬರಿಯ ಅಂಗಳದಲ್ಲಿ ಉಳ್ಳಾಗಡ್ಡಿ ಗುಡ್ಡ ಬಿದ್ದಿತ್ತು.

"ಹೋಟೆಲ್ಲಿಗೆ ಪರವಾನಗಿ ತಗೊಂಡೀರೇನ್ರಿ?"

"ಹೋಟೆಲ್ ಅಲ್ರಿ ಸಾಹೇಬ್ರ."

"ಮತ್ತೇನ್ರಿ ಅದು?"

"ಹೇಳಂಗಿಲ್ರಿ."

"ಸರ್ಕಾರಿ ಮನುಷ್ಯಾ ಕೇಳಾಕತ್ತೀನಿ!"

ನರಸಿಂಗ ವಿಚಾರ ಮಾಡಿದ. ದೊಡ್ಡದು ಕಂಡರೆ ಒಡೆಯಬೇಕು. ಇನ್ಸ್‌ಪೆಕ್ಟರ್ ಸಾಹೇಬರು ದೊಡ್ಡದಾಗಿಯೇ ಕಾಣುತ್ತಿದ್ದರು. "ಸಾಹೇಬ್ರ, ನೀವು ಒಂದು ಕೆಲಸ ಮಾಡ್ರಿ. ನಾಳೆ ಹತ್ತರ ಸುಮಾರಿಗೆ ಒಂದು ಟ್ಯಾಂಕರ್ ಸಿಹಿನೀರು ಕಳಸ್ರಿ. ಯಾಕ ಅಂತ ಕೇಳಬ್ಯಾಡ್ರಿ."

ಇಷ್ಟು ವರ್ಷದ ನೌಕರಿಯಲ್ಲಿ ಸಾಹೇಬರು ನೋಟಿಸು ಕೊಡಲು ಹೋಗಿ ಕೆಲಸ ಹಚ್ಚಿಸಿಕೊಂಡು ಬಂದದ್ದು ಅದೇ ಮೊದಲು. ಇಷ್ಟು ಧೈರ್ಯ ಇರುವ ಮನುಷ್ಯನ ಹಿಂದೆ ಯಾರೋ ದೊಡ್ಡವರು ಇರಲೇಬೇಕು ಎಂದು ಅವರು ಗಿರಣಿಗೆ ಬಂದು ಕೇಳಿದರು. ನಾನು ಮಂತ್ರಿಯ ಸಂಗತಿ ಹೇಳಿದೆ. ಟ್ಯಾಂಕರ್ ಮಂಜೂರಾಯಿತು.

ಭಾನುವಾರ ಬೆಳಗಾಯಿತು. ಜಲಾಲುದ್ದೀನ ಸಾಮಾನು ಹೊತ್ತ. ಅಲ್ಮಾರಿ ಹೋಯಿತು, ಟ್ರಂಕು ಹೋಯಿತು, ಅಡುಗೆ ಮನೆಯ ಜಾಲರಿಯ ಕಪಾಟು ಹೋಯಿತು. ಕೊನೆಗೆ ಮಲಗುವ ಕಾಟನ್ನು ಹೊರತಂದು ಅಂಗಳದಲ್ಲಿ ಇಟ್ಟಾಗ ಅವನಿಗೆ ತಡೆಯಲಾಗಲಿಲ್ಲ. ಚಿಕ್ಕವರಿದ್ದಾಗ ಅದೇ ಕಾಟಿನ ಮೇಲೆ ಅವನೂ ನರಸಿಂಗನೂ ಕುಣಿದು ಅದರ ಕಾಲು ಮುರಿದಿದ್ದರು. ಅವನು ಕಾಟಿನ ಪಕ್ಕದಲ್ಲೇ ಕೂತು ಅಳತೊಡಗಿದ.

ಅದೇ ಹೊತ್ತಿಗೆ ಸೋನುಬಾಯಿಯ ಫೋನು ಬಂತು. ಯಾಕೆ ಎಂದು ಕೇಳದೆ ಆಕೆ ಮೂರು ದಿನ ತಡೆದದ್ದೇ ದೊಡ್ಡದು. ತಮ್ಮನ ಫೋನು ಬಂದ್ ಆಗಿತ್ತು, ಅದಕ್ಕೆ ಜಲಾಲುದ್ದೀನನಿಗೆ ಹಚ್ಚಿದ್ದಳು.

"ಜಲಾಲಾ, ಏನೋ ಅದು? ಮನಿ ಮುಂದ ಏನು ನಡದದ?"

"ಕಾಟು ಹೊರಗ ತಂದೇವ್ರಿ ಅಕ್ಕಾ..." ಎಂದವನು ಮುಂದೆ ಮಾತಾಡಲಾರದೆ ಬಿಕ್ಕಿ ಬಿಕ್ಕಿ ಅತ್ತು ಫೋನಿಟ್ಟ.

ನಸುಕಿನಲ್ಲಿ ಮನೆಯ ಕಾಟು ಅಂಗಳಕ್ಕೆ ಬಂದಿದೆ, ಗಂಡಸು ಅಳುತ್ತಿದ್ದಾನೆ, ರಕ್ತಸಂಬಂಧಿಯ ಕೈಲಿ ಹೊಸ ಧೋತರ ತರಲು ಹೇಳಿದ್ದಾರೆ. ನಮ್ಮ ಕಡೆ ಇದಕ್ಕೆ ಸಾವು ಬಿಟ್ಟು ಎರಡನೆಯ ಅರ್ಥ ಹುಡುಕುವ ಹೆಂಗಸು ಇನ್ನೂ ಹುಟ್ಟಿಲ್ಲ. ಸೋನುಬಾಯಿಗೆ ತಮ್ಮನ ಮಾತು ನೆನಪಾಯಿತು. ಧೋತರ ತಾನೇ ಹೇಳಿ ತರಿಸಿಕೊಂಡನಲ್ಲ! ಮೂರು ದಿನದ ಹಿಂದೆಯೇ ಅವನಿಗೆ ತನ್ನ ದಿನ ಗೊತ್ತಿತ್ತಲ್ಲ! ಮನೆಯಲ್ಲಿ ಒಬ್ಬ ಸಂತನನ್ನು ಇಟ್ಟುಕೊಂಡು ಜೀವಮಾನವಿಡೀ ಅವನನ್ನು ಹುಚ್ಚ ಎಂದು ಬೈದೆನಲ್ಲ ಎಂದು ಆಕೆ ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಮುಂದೆ ಎದೆ ಬಡಿದುಕೊಂಡಳು. ಬಸ್ಸು ಆಗಷ್ಟೇ ಹೋಗಿತ್ತು.

ಅಲ್ಲೊಂದು ಜೀಪು ಬಂದು ನಿಂತಿತು. ಮುಂದೆ ಕೂತಿದ್ದ ಹಿರಿಯರು ಕೆಳಗಿಳಿದು, "ಎಲ್ಲಿಗೆ ಹೋಗಬೇಕವ್ವಾ? ಕಲ್ಯಾಣಕ್ಕ? ನಾವೂ ಅಲ್ಲಿಗೇ ಹೊಂಟೇವಿ, ಹತ್ತು" ಎಂದರು. ಅವರೇ ದುಬಲಗುಂಡಿಯ ಮಲ್ಲಿಕಾರ್ಜುನ, ಸ್ವಪ್ನಿಲನ ತಂದೆ. ಒಳಗಿದ್ದ ಅವರ ಚಿಕ್ಕಪ್ಪ, "ಛಲೋ ಕೆಲಸಕ್ಕ ಹೊಂಟೇವಿ, ಸಾವಿನ ಮನಿಯಾಕಿನ್ನ ಕೂಡಿಸ್ಕೋತೀಯೇನೋ?" ಎಂದು ಗೊಣಗಿದರು. ಮಲ್ಲಿಕಾರ್ಜುನ ಕೇಳಲಿಲ್ಲ. ಸೋನುಬಾಯಿ ಹತ್ತಿ, ಕಣ್ಣೀರಿನಲ್ಲಿ ಏನೂ ಕಾಣದೆ, ಸೀಟಿನ ಮೇಲಿದ್ದ ಬುಟ್ಟಿಯ ಮೇಲೆಯೇ ಕೂತುಬಿಟ್ಟಳು.

ಬಂಗ್ಲಾ ಕ್ರಾಸಿನವರೆಗೂ ಆಕೆ ಹಾಡಿಕೊಂಡು ಅತ್ತಳು. ಕ್ರಾಸ್ ದಾಟುವ ಹೊತ್ತಿಗೆ ಮಲ್ಲಿಕಾರ್ಜುನರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಯಾರ ಮನೆ, ಏನು ಹೆಸರು ಎಂದು ಕೇಳುವ ಅವಕಾಶ ಆಕೆಯ ಅಳುವಿನಲ್ಲಿ ಯಾರಿಗೂ ಸಿಗಲಿಲ್ಲ. ಜೀಪಿನ ಈ ಕಥೆಯನ್ನು ಸೋನುಬಾಯಿಯೇ ಆಮೇಲೆ ನನಗೆ ಹೇಳಿದ್ದು.

ಇತ್ತ ನಾನು ಎಮ್ಮೆಗಳನ್ನು ಸರಿಸಿ, ನೀರು ಹೊಡೆಸಿ, ಮಂತ್ರಿಗಾಗಿ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದೆ. ಜೀಪು ಓಣಿಗೆ ತಿರುಗಿತು. ಸೋನುಬಾಯಿ ಧುಮುಕಿ, ಅಂಗಳದಲ್ಲಿದ್ದ ಕಾಟಿನ ಮೇಲೆ ಬಿದ್ದು ಹೊರಳಿದಳು.

"ಅಯ್ಯೋ ನನ್ನ ತಮ್ಮಾ! ಪುಂಡಿಪಲ್ಯಾ ಕಂಡ್ರ ಎರಡು ರೊಟ್ಟಿ ಜಾಸ್ತಿ ತಿನ್ನಾಂವಾ! ಒಬ್ಬರಿಗೂ ಕೆಟ್ಟದ್ದು ಬಯಸದಾಂವಾ! ಬುದ್ಧಿ ಕಡಿಮಿ ಇದ್ರೂ ಬಂಗಾರದಂಥ ಮನಸ್ಸಿನಾಂವಾ! ಅಕ್ಕನ ಬೈಗಳ ತಿಂದೂ ನಕ್ಕಾಂವಾ!"

ನರಸಿಂಗ ಬಾಗಿಲ ಹಿಂದೆ ಹೊಸ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ತಕ್ಷಣ ಹೊರಬರಬೇಕಿತ್ತು. ಬರಲಿಲ್ಲ. ಐವತ್ತು ವರ್ಷದಲ್ಲಿ ಅಕ್ಕ ಅವನ ಬಗ್ಗೆ ಒಂದು ಒಳ್ಳೆಯ ಮಾತು ಆಡಿರಲಿಲ್ಲ. ಅವನು ಅಲ್ಲೇ ನಿಂತು, ಕಣ್ಣು ತುಂಬಿಕೊಂಡು, ಮುಂದಿನ ಸಾಲಿಗಾಗಿ ಕಾದ. ಅಂಬುಬಾಯಿ ಹಿಂದಿನಿಂದ ನೂಕಿದ ಮೇಲೆಯೇ ಹೊಸ್ತಿಲು ದಾಟಿದ್ದು.

"ಅಕ್ಕಾ..."

ಸೋನುಬಾಯಿ ತಲೆಯೆತ್ತಿ ನೋಡಿದಳು. ಸಂತ ಎದ್ದು ಬಂದನೆಂದು ಮೊದಲು ಕೈ ಮುಗಿದಳು. ಆಮೇಲೆ ಸಂತನ ಬಾಯಲ್ಲಿ ಎಲೆ ಅಡಿಕೆ ಕಂಡಿತು. ಧೋತರದ ಗಂಟಿನಿಂದಲೇ ಅವನ ಬೆನ್ನಿಗೆ ಬಾರಿಸತೊಡಗಿದಳು. "ಸತ್ತಿಲ್ಲೇನೋ! ಸತ್ತಿಲ್ಲೇನೋ ಭಾಡ್ಯಾ!"

ಜೀಪಿನ ಪಕ್ಕದಲ್ಲಿ ಮಲ್ಲಿಕಾರ್ಜುನ ಬೆಪ್ಪಾಗಿ ನಿಂತಿದ್ದರು. "ಇದು... ನರಸಿಂಗ ಅವರ ಮನಿ ಅಲ್ಲೇನ್ರಿ? ಏನು ನಡದದರಿ ಇಲ್ಲಿ?"

"ಮನಿ ಮಾರಿ ಹೊಂಟಾನ್ರಿ," ಎಂದ ಜಲಾಲುದ್ದೀನ ಮೂಗೊರೆಸಿಕೊಳ್ಳುತ್ತ.

"ಇಲ್ರಿ, ಹೋಟೆಲ್ ಇಡಾಕತ್ತಾರ," ಎಂದಳು ಅಕ್ಬರಿ.

"ಮಂತ್ರಿಗಳ ಕಡೆಯವರು ನೀವೇ ಏನ್ರಿ?" ಎಂದೆ ನಾನು.

ಅಷ್ಟರಲ್ಲಿ ಟ್ಯಾಂಕರ್ ಬಂದು ಹಾರ್ನ್ ಹೊಡೆಯಿತು. ಮಲ್ಲಿಕಾರ್ಜುನ ಎಲ್ಲರ ಮುಖವನ್ನೂ ನೋಡಿ, "ನಾವು ಪೂನಂನ ಸಾಖರಪುಡಾಕ್ಕ ಬಂದೇವ್ರಿ," ಎಂದರು.

ಮೊದಲು ಮಾತಾಡಿದವನು ಜಲಾಲುದ್ದೀನ. "ಪೂನಂನ ಸಾಖರಪುಡಾ? ನರಸಿಂಗಾ, ಆಕಿ ನಡಿಯಾಕ ಕಲ್ತದ್ದು ನನ್ನ ಅಂಗಳದಾಗ. ನನಗ ಕಾಟು ಹೊರಾಕ ಹೇಳ್ದಿ, ಇದು ಹೇಳಲಿಲ್ಲ?"

"ನಿನ್ನೆಯಿಂದ ಉಳ್ಳಾಗಡ್ಡಿ ಹೆಚ್ಚಿ ಅಳಾಕತ್ತೇನಿ," ಎಂದಳು ಅಕ್ಬರಿ. "ಯಾತಕ್ಕ ಅಂತ ಗೊತ್ತಿದ್ರ ಖುಷಿಲೆ ಅಳ್ತಿದ್ದೆ."

ಇತ್ತ ಚಿಕ್ಕಪ್ಪ, "ಸಾವಿನ ಅಳು ಕೇಳ್ಕೋತ ಬಂದ ಮನಿ. ಮಲ್ಲಣ್ಣಾ, ಹೊಳ್ಳಿ ಹೋಗೂಣು ನಡಿ," ಎಂದು ಜೀಪು ಹತ್ತಿ ಕೂತೇ ಬಿಟ್ಟರು. ಸ್ವಪ್ನಿಲ ತಂದೆಯ ಮುಖ ನೋಡಿದ. ಬಾಗಿಲಲ್ಲಿ ಹಸಿರು ಸೀರೆ ಉಟ್ಟು ನಿಂತಿದ್ದ ಪೂನಂಳ ಮುಖ ನೋಡಲು ನಮಗೆ ಯಾರಿಗೂ ಧೈರ್ಯವಾಗಲಿಲ್ಲ. ಮೂರನೆಯ ದೀಪ ಆರುವುದನ್ನು ನಾವೆಲ್ಲ ಸೇರಿ ನೋಡುತ್ತಿದ್ದೆವು.

ಮಲ್ಲಿಕಾರ್ಜುನ ನಿಧಾನಕ್ಕೆ ಕೇಳಿದರು. "ನರಸಿಂಗ ಅವರ, ಇಷ್ಟು ಮಂದಿಗೆ ಯಾಕ ಅಂತ ಗೊತ್ತಿದ್ದಿಲ್ಲೇನ್ರಿ?"

"ಇಲ್ರಿ."

"ಗೊತ್ತಿಲ್ಲದ ನೀವು ಹೇಳಿದ್ದು ಮಾಡ್ಯಾರ?"

"ಮಾಡ್ಯಾರ್ರಿ. ಮನಿ ಬಿಟ್ಟು ಹೊಂಟೇನಿ ಅಂತ ತಿಳ್ಕೊಂಡೂ ಕಾಟು ಹೊತ್ತಾರ್ರಿ." ಹೇಳುವಾಗ ನರಸಿಂಗನ ದನಿ ಒಡೆಯಿತು.

"ನಮ್ಮೂರಾಗ ಯಾಕ ಅಂತ ಹತ್ತು ಸಲ ತಿಳಿಸಿ ಹೇಳಿದ್ರೂ ಒಬ್ಬಾಂವ ಚರಿಗಿ ನೀರು ತರಂಗಿಲ್ರಿ," ಎಂದು ಮಲ್ಲಿಕಾರ್ಜುನ ಜೀಪಿನತ್ತ ತಿರುಗಿದರು. "ಕಾಕಾ, ಇಳೀರಿ. ಇಂಥಾ ಓಣ್ಯಾಗ ಬೆಳದ ಹುಡುಗಿನ್ನ ಬಿಟ್ಟು ನಾ ಹೋಗಂಗಿಲ್ಲ. ಸಕ್ಕರಿ ಬುಟ್ಟಿ ತರ್ರಿ."

ಬುಟ್ಟಿ ಬಂತು. ಅದರ ಮೇಲೆ ಸೋನುಬಾಯಿ ಹುಮನಾಬಾದಿನಿಂದ ಕೂತು ಬಂದಿದ್ದಳಲ್ಲ, ಪುಡಾ ಒಡೆದು, ಸಕ್ಕರೆ ಬಿದಿರಿನ ಸಂದಿಯಿಂದ ದಾರಿಯುದ್ದಕ್ಕೂ ಸೋರಿ, ತಳದಲ್ಲಿ ಬಣ್ಣದ ಕಾಗದ ಮಾತ್ರ ಉಳಿದಿತ್ತು. "ಒಳಗ ಅದ, ತರ್ತೀನಿ," ಎಂದು ಅಂಬುಬಾಯಿ ಅಡುಗೆ ಮನೆಗೆ ಓಡಿದಳು. ಅಲ್ಲಿ ಬರಿಯ ಗೋಡೆ. ಸಕ್ಕರೆಯ ಡಬ್ಬಿ ಕಪಾಟಿನಲ್ಲಿತ್ತು. ಕಪಾಟು ಗೋದಾಮಿನಲ್ಲಿತ್ತು. ಜಲಾಲುದ್ದೀನ ತನ್ನ ತುಂಡನ್ನು ಚಾಚೂ ತಪ್ಪದೆ ಮಾಡಿದ್ದ.

ನರಸಿಂಗ ಬಾಯಿ ತೆರೆದ. "ಜಲಾಲಭಾಯಿ, ನೀವು..." ಎಂದು ಯಾರಿಗೆ ಏನು ಹಂಚಬೇಕೆಂದು ಬೆರಳು ಎಣಿಸತೊಡಗಿದ. ತಲೆ ಎತ್ತಿ ನೋಡಿದರೆ ಅಂಗಳದಲ್ಲಿ ಯಾರೂ ಇರಲಿಲ್ಲ. ಓಣಿಗೆ ಓಣಿಯೇ ಓಡಿಹೋಗಿತ್ತು.

ಅಕ್ಬರಿ ಈದಿಗೆಂದು ತೆಗೆದಿಟ್ಟ ಡಬ್ಬಿಯನ್ನೇ ಎತ್ತಿಕೊಂಡು ಬಂದಳು. ಜಲಾಲುದ್ದೀನ ಕಿರಾಣಿ ಅಂಗಡಿಯಿಂದ ಒಂದು ಮೂಟೆಯನ್ನು ಹೆಗಲ ಮೇಲೆ ಹೊತ್ತು ತಂದ. ನಾನು ಮನೆಯ ಬರಣಿ ತಂದೆ. ಎಮ್ಮೆಯವರು ತಂದರು, ಗೋಡೆಯಾಚೆಯವರು ಬೊಗಸೆಯಲ್ಲಿ ತಂದರು. ಟ್ಯಾಂಕರಿನ ಡ್ರೈವರ್ ಕೂಡ ಚಹಾದಂಗಡಿಯಿಂದ ಒಂದು ಪೊಟ್ಟಣ ತಂದು, ಯಾಕೆ ಎಂದು ಕೇಳದೆ ಸುರಿದ. ಪೂನಂಳ ಉಡಿ ತುಂಬಿ, ಚಾಪೆ ತುಂಬಿ, ಇರುವೆಗಳಿಗೆ ಸುದ್ದಿ ಹೋಗುವಷ್ಟು ಸಕ್ಕರೆ ಅಂಗಳದಲ್ಲಿ ಬಿತ್ತು. ಪೂನಂ ಅ‌ಳುತ್ತಲೇ ನಗತೊಡಗಿದಳು. ಆಕೆ ನಕ್ಕದ್ದು ನೋಡಿ ಸ್ವಪ್ನಿಲ ನಕ್ಕ. ಚಿಕ್ಕಪ್ಪ ಜೀಪಿನಿಂದ ಇಳಿದು ಬಂದು, ಶಕುನದ ಮಾತೆತ್ತದೆ, ಒಂದು ಹಿಡಿ ಬಾಯಿಗೆ ಹಾಕಿಕೊಂಡರು.

"ಬೀಗರ, ಲಗ್ನದ ತಯಾರಿ ಹ್ಯಾಂಗ ಮಾಡೂಣ್ರಿ?" ಎಂದು ಮಲ್ಲಿಕಾರ್ಜುನ ಕೇಳಿದರು.

ನರಸಿಂಗನ ಕಣ್ಣು ಮಿನುಗಿತು. ಬೆನ್ನು ನೆಟ್ಟಗಾಯಿತು. "ಅದೇನು ದೊಡ್ಡ ಕೆಲಸ ಅಲ್ರಿ ಬೀಗರ. ಮೊದಲ ಅದನ್ನ..."

ಅಂಬುಬಾಯಿ ಒಂದು ಬೊಗಸೆ ಸಕ್ಕರೆಯನ್ನು ಅವನ ಬಾಯಿಗೆ ತುರುಕಿದಳು.